ಸುಣ್ಣ ಬಳಿದವಳು

ಈಶಾ, ಓಂಕಾರ, ನಿಮ್ಮ ಅವ್ವ ಬೆಳೆದ ಮನೆಯನ್ನು ನೀವು ನೋಡಿಲ್ಲ. ಈಗ ಆ ಜಾಗದಲ್ಲಿ ಎತ್ತರದ ಕಟ್ಟಡ ಎದ್ದಿದೆ, ಕೆಳಗೆ ಕನ್ನಡಕದ ಅಂಗಡಿ ಇದೆ. ಪುಣೆಯ ಹಳೆಯ ಪೇಟೆಯಲ್ಲಿ, ನದಿಯ ಕಡೆಗೆ ಇಳಿಯುವ ಒಂದು ಓಣಿಯೊಳಗೆ ಅದು ಕಟ್ಟಿಗೆಯ ಕಂಬಗಳ ವಾಡೆಯಾಗಿತ್ತು. ನಡುವೆ ಕಲ್ಲು ಹಾಸಿದ ಅಂಗಳ, ಅಂಗಳದಲ್ಲಿ ಎಲ್ಲರಿಗೂ ಸೇರಿ ಒಂದು ನಳ, ಸುತ್ತ ಕೆಳಗೆ ನಾಲ್ಕು ಬಾಡಿಗೆಯ ಮನೆಗಳು, ಮೇಲಿನ ಮಾಳಿಗೆಯಲ್ಲಿ ಮಾಲಕರು. ನಮ್ಮವು ಕೆಳಗಿನ ಎರಡು ಕೋಣೆಗಳು. ಹೊರಕೋಣೆಯಲ್ಲಿ ನಿಮ್ಮ ಅಜ್ಜನ ಸೈಕಲ್ಲು, ಒಂದು ಮಂಚ, ನನ್ನ ಮಗಳು, ನಿಮ್ಮ ಅವ್ವ ಸುಧಾ ವಹಿ ಇಟ್ಟು ಬರೆಯುತ್ತಿದ್ದ ಕಟ್ಟಿಗೆಯ ಪೆಟ್ಟಿಗೆ. ಒಳಕೋಣೆಯ ಒಂದು ಮೂಲೆಯಲ್ಲಿ ಒಲೆ, ಇನ್ನೊಂದು ಮೂಲೆಯಲ್ಲಿ ಬಚ್ಚಲು, ಉಳಿದದ್ದರಲ್ಲಿ ದೇವರು, ಡಬ್ಬಿಗಳು ಮತ್ತು ಮಲಗುವ ಮನುಷ್ಯರು. ಕಿಟಕಿ ಒಂದೇ. ಹಗಲಿನಲ್ಲೂ ಬಲ್ಬು ಹಚ್ಚದೆ ಅಕ್ಕಿಯೊಳಗಿನ ಕಲ್ಲು ಕಾಣುತ್ತಿರಲಿಲ್ಲ. ಆ ಮನೆಯಲ್ಲಿ ನಾನು ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಇದ್ದೆ. ಅಲ್ಲಿ ನಾನು ಮಾಡಿದ ಒಂದು ಕೆಲಸದ ಬಗ್ಗೆ ನಿಮಗೆ ಹೇಳಬೇಕು. ಬಾಯಿಂದ ಹೇಳಲು ನನಗೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮೊದಲಿನಿಂದಲೂ ಮಾತಿಲ್ಲದವಳು. ಬೆಳಗಾವಿ ಕಡೆಯ ನಮ್ಮ ಹಳ್ಳಿಯ ಶಾಲೆ ಒಂದೇ ಕೋಣೆಯದು, ಏಳನೆಯ ತರಗತಿಯವರೆಗೆ ಎಲ್ಲರೂ ಅಲ್ಲೇ ಕೂರುತ್ತಿದ್ದೆವು. ಮಾಸ್ತರರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ನನ್ನ ನಾಲಿಗೆ ಏಳುತ್ತಿರಲಿಲ್ಲ. ಇದನ್ನು ಕಂಡ ಅವರು ನನಗೆ ಹಲಗೆ ಒರೆಸುವ ಕೆಲಸ ಕೊಟ್ಟರು. ಒದ್ದೆ ಅರಿವೆಯಿಂದ ನಾನು ಒರೆಸಿದರೆ ಹಲಗೆಯ ಮೇಲೆ ಒಂದು ಅಕ್ಷರದ ನೆರಳೂ ಉಳಿಯುತ್ತಿರಲಿಲ್ಲ. ಕೆಲಸ ಅಂದರೆ ಹೀಗಿರಬೇಕು ಎಂದು ಅವರು ಬೇರೆ ಹುಡುಗರಿಗೆ ತೋರಿಸುತ್ತಿದ್ದರು. ಅಂಥ ಹೊಗಳಿಕೆ ನನಗೆ ಮತ್ತೆಲ್ಲೂ ಸಿಗಲಿಲ್ಲ. ಮದುವೆಯಾಗಿ ಪುಣೆಗೆ ಬಂದಾಗ ಮರಾಠಿ ಗೊತ್ತಿರಲಿಲ್ಲ. ನಳದ ಹತ್ತಿರ ಹೆಂಗಸರು ಆಡುವ ಮಾತನ್ನು ಬಾಗಿಲ ಹಿಂದೆ ನಿಂತು ಕೇಳಿ ಕೇಳಿ ಕಲಿತೆ. ಕಲಿತ ಮೇಲೂ ಆಡಲಿಲ್ಲ. ವಾಡೆಯಲ್ಲಿ ನನ್ನ ಹೆಸರು ಯಾರಿಗೂ ಬೇಕಾಗಿರಲಿಲ್ಲ. 'ಕಾನಡಿ ಸೂನ್' ಎನ್ನುತ್ತಿದ್ದರು, ಕನ್ನಡದವರ ಸೊಸೆ ಎಂದು. ನನಗೂ ಅಷ್ಟೇ ಸಾಕಾಗಿತ್ತು.

ಅತ್ತೆಯವರೂ ಹೆಚ್ಚು ಮಾತಿನವರಲ್ಲ. ಇಬ್ಬರು ಮಾತಿಲ್ಲದ ಹೆಂಗಸರು ಒಂದು ಕತ್ತಲೆ ಕೋಣೆಯಲ್ಲಿ ಹದಿನಾಲ್ಕು ವರ್ಷ ಒಟ್ಟಿಗೆ ಅಡಿಗೆ ಮಾಡಿದೆವು. ಆದರೆ ಅವರು ಹಾಕಿಟ್ಟ ಕಟ್ಟಳೆಗಳನ್ನು ದಾಟುವ ಹಾಗಿರಲಿಲ್ಲ. ಮೊದಲನೆಯದು ನೀರಿನದು. ಕುದಿಸದ ನೀರು ಆ ಮನೆಯಲ್ಲಿ ಯಾರ ಬಾಯಿಗೂ ಹೋಗಬಾರದು. ಪುಣೆಯ ನಳದ ನೀರು ಕನ್ನಡಿಯ ಹಾಗೆ ಬರುತ್ತಿತ್ತು, ಮೇಲಿನವರು ಕೆಳಗಿನವರು ಎಲ್ಲರೂ ಹಾಗೇ ಕುಡಿಯುತ್ತಿದ್ದರು. ನಮ್ಮಲ್ಲಿ ಮಾತ್ರ ದಿನಾ ಬೆಳಿಗ್ಗೆ ದೊಡ್ಡ ಪಾತೇಲಿ ಒಲೆಯ ಮೇಲೆ. ಅದು ಚೆನ್ನಾಗಿ ಕುದಿಯುವ ತನಕ ಸ್ಟೋವು ಉರಿಯಬೇಕು, ಆ ಸ್ಟೋವಿನ ಸೀಮೆಎಣ್ಣೆಗೆ ನಾನು ರೇಷನ್ ಅಂಗಡಿಯ ಮುಂದೆ ಅರ್ಧ ದಿನ ನಿಲ್ಲಬೇಕು. ಸುಧಾ ಐದು ವರ್ಷದವಳಿದ್ದಾಗ ಬೇಸಿಗೆಯ ಒಂದು ಮಧ್ಯಾಹ್ನ ಆಟದಿಂದ ಓಡಿ ಬಂದು ನೀರು ಎಂದಳು. ಕುದಿಸಿದ್ದು ಮುಗಿದಿತ್ತು. ನಳದಿಂದ ಒಂದು ಲೋಟ ಹಿಡಿದು ಕೊಟ್ಟೆ. ಅತ್ತೆ ಎಲ್ಲಿಂದ ಕಂಡರೋ, ಬಂದವರೇ ಮಗುವಿನ ಕೈಯಿಂದ ಲೋಟ ಕಿತ್ತು ಅಂಗಳಕ್ಕೆ ಎಸೆದರು.

"ಈ ಮನ್ಯಾಗ ಹಸೀ ನೀರು ಕುಡಸಬ್ಯಾಡ ಅಂತ ಎಷ್ಟು ಸಲ ಹೇಳಬೇಕು ನಿನಗ?"

"ಇಡೀ ಪುಣೆ ಕುಡೀತದ್ರಿ ಅತ್ತಿ."

ಅದು ನಾನು ಅವರಿಗೆ ಕೊಟ್ಟ ಮೊದಲನೆಯ ಎದುರು ಮಾತು. ಮೂರು ದಿನ ನಮ್ಮಿಬ್ಬರಲ್ಲಿ ಮಾತಿಲ್ಲ. ಉಪ್ಪು ಮುಗಿದಿದೆ ಎಂದು ನಾನು ನಿಮ್ಮ ಅಜ್ಜನಿಗೆ ಹೇಳಬೇಕು, ಅವರು ಎರಡು ಹೆಜ್ಜೆ ಆಚೆ ಕೂತ ತಾಯಿಗೆ ಹೇಳಬೇಕು, ತಾಯಿ ಕೇಳಿಸದವರ ಹಾಗೆ ಹೂಂ ಎನ್ನಬೇಕು. ನಾನು ಇಬ್ಬರಿಗೂ ಅಂಚೆಯವನಾಗಿದ್ದೇನೆ ಎಂದು ನಿಮ್ಮ ಅಜ್ಜ ನಗುತ್ತಿದ್ದರು. ನಾವಿಬ್ಬರೂ ನಗಲಿಲ್ಲ. ಹಸಿ ನೀರಿಗೆ ಇಷ್ಟು ಹೆದರಿಕೆ ಯಾಕೆ ಎಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಅತ್ತೆಯ ಹಟ ಎಂದುಕೊಂಡೆ.

ಎರಡನೆಯ ಕಟ್ಟಳೆ ಗೋಡೆಯದು. ಪ್ರತಿ ವರ್ಷ ದಸರೆಯ ಮುಂಚೆ ಎರಡೂ ಕೋಣೆಗಳಿಗೆ ಸುಣ್ಣ ಬಳಿಯುವುದು ನನ್ನ ಕೆಲಸ. ಒಳಕೋಣೆಯಲ್ಲಿ ಬಾಗಿಲಿನಿಂದ ಕಿಟಕಿಯವರೆಗಿನ ಗೋಡೆಯ ಮುಂದೆ ಒಂದು ಟ್ರಂಕು, ಅದರ ಮೇಲೆ ಎದೆಯ ಮಟ್ಟಕ್ಕೆ ಕೌದಿಗಳ ಒಟ್ಟಿಲು. ಒಟ್ಟಿಲಿನ ಮೇಲೆ ಗೋಡೆಯುದ್ದಕ್ಕೂ ಒಂದು ಕಂದು ಪಟ್ಟೆ ಕಾಣುತ್ತಿತ್ತು, ಚಹಾದ ಬಸಿಯಲ್ಲಿ ಒಣಗಿದ ಕಲೆ ಇರುತ್ತದಲ್ಲ, ಹಾಗೆ. ಬಂದ ಮೊದಲನೆಯ ವರ್ಷ ಕುಂಚ ಹಿಡಿದು ಅಲ್ಲಿಗೆ ಹೋದಾಗ ಅತ್ತೆ ತಡೆದರು.

"ಆ ಗ್ವಾಡಿ ಬ್ಯಾಡ. ಅದು ಇದ್ಧಾಂಗ ಇರ್ಲಿ."

ಇರಲಿ ಎಂದು ಬಿಟ್ಟೆ. ಯಾವುದೋ ಹರಕೆ ಇರಬೇಕು ಎಂದುಕೊಂಡೆ. ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಅತ್ತೆ ಆ ಗೋಡೆಯ ಹತ್ತಿರ ಹೋಗಿ, ಕೌದಿಗಳಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಕೈ ಇಟ್ಟು ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ಅವರಿಗೆ ಮೊಣಕಾಲು ನೋವಿತ್ತು, ಆಸರೆಗೆ ಹಿಡಿದಿದ್ದಾರೆ ಎಂದು ನಾನು ತಿಳಿದಿದ್ದೆ. ದಿನವೂ ಕಂಡಿದ್ದೇನೆ, ಮಕ್ಕಳೇ. ದಿನವೂ ಕಂಡು, ರೊಟ್ಟಿ ಬಡಿಯುವ ಕೆಲಸಕ್ಕೆ ತಿರುಗಿದ್ದೇನೆ.

ಸುಧಾ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಗೆ ಬಂದ ವರ್ಷ ಅವರಿಗೆ ಇತಿಹಾಸ ಕಲಿಸಲು ಸುಮತಿ ಬಾಯಿ ಎನ್ನುವವರು ಬಂದರು. ಆ ಶಾಲೆಯಲ್ಲಿ ಮೇಡಂ ಎನ್ನುವ ರೂಢಿ ಇರಲಿಲ್ಲ, ಎಲ್ಲರೂ ಬಾಯಿ. ಧಾರವಾಡದ ಕಡೆಯವರು, ಗಿಡ್ಡ ಆಳು, ಜೋರಾಗಿ ನಡೆಯುತ್ತಿದ್ದರು. ಒಂದು ದಿನ ಅವರು ಮಕ್ಕಳಿಂದ ಪುಸ್ತಕ ಮುಚ್ಚಿಸಿ, ಇದರಲ್ಲಿ ಕೋಟೆಗಳಿವೆ, ರಾಜರಿದ್ದಾರೆ, ನಿಮ್ಮ ಓಣಿ ಯಾವ ಪುಟದಲ್ಲಿದೆ ಎಂದು ಕೇಳಿದರಂತೆ. ಯಾರಿಗೂ ಉತ್ತರ ಬರಲಿಲ್ಲ. ಆಗ ಅವರು ಪೂರದ ಮಾತು ತೆಗೆದರು. ಮಕ್ಕಳು ಹುಟ್ಟುವ ಎಷ್ಟೋ ವರ್ಷ ಮುಂಚೆ, ಮೇಲಿನ ಅಣೆಕಟ್ಟು ಒಡೆದು ಒಂದು ಬೆಳಗಿನಲ್ಲಿ ನದಿ ಊರೊಳಗೆ ಹೊಕ್ಕಿತ್ತು. ನದಿಯ ದಂಡೆಯ ಪೇಟೆಗಳಲ್ಲಿ ಕೆಳಗಿನ ಮನೆಗಳೆಲ್ಲ ಮುಳುಗಿದ್ದವು. ಹಿರಿಯರು ಅದಕ್ಕೆ 'ಪೂರ' ಎಂದಷ್ಟೇ ಅನ್ನುತ್ತಿದ್ದರು, ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಯಾವ ಮನೆಯಲ್ಲಿ ಎಷ್ಟು ನೀರು, ಯಾರದು ಏನು ಹೋಯಿತು, ಇದನ್ನು ಓಣಿ ಓಣಿ ತಿರುಗಿ ಯಾರೂ ಬರೆದಿಟ್ಟಿಲ್ಲ, ನಾವು ಬರೆಯೋಣ ಎಂದರು ಬಾಯಿ. ಆರು ಮಕ್ಕಳ ಒಂದೊಂದು ಗುಂಪಿಗೆ ಒಂದೊಂದು ಬಿಳಿ ದಾರದ ಉಂಡೆ ಕೊಟ್ಟರು. ಹಳೆಯ ಗೋಡೆಯ ಮೇಲೆ ಎಲ್ಲಿ ನೀರಿನ ಗುರುತು ಉಳಿದಿದೆಯೋ ಅಲ್ಲಿ ನೆಲದಿಂದ ಗುರುತಿನವರೆಗೆ ದಾರ ಹಿಡಿದು ಕತ್ತರಿಸುವುದು, ಅದಕ್ಕೆ ಚೀಟಿ ಕಟ್ಟಿ ಮನೆಯವರ ಹೆಸರು, ಅವರು ಹೇಳಿದ ಮಾತು ಬರೆಯುವುದು.

ಸುಧಾ ದಿನಾ ಸಂಜೆ ಕೇಳಿ ಬಂದದ್ದನ್ನು ಹೇಳುತ್ತಿದ್ದಳು. ಒಬ್ಬರ ಹಾರ್ಮೋನಿಯಂ ಕಿಟಕಿಯಿಂದ ತೇಲಿ ಹೋಗಿತ್ತು. ಒಬ್ಬರ ಮನೆಯಲ್ಲಿ ಅಕ್ಕಿಯ ಕಣಜ ನೀರು ಕುಡಿದು ಉಬ್ಬಿ ಒಡೆದಿತ್ತು. ಒಬ್ಬ ದರ್ಜಿ ಯಂತ್ರವನ್ನು ತಬ್ಬಿಕೊಂಡು ಮಾಳಿಗೆ ಹತ್ತಿದ್ದ, ತಲೆಯ ಮೇಲಿನ ಟೊಪ್ಪಿಗೆ ಹೋದದ್ದು ಎರಡು ದಿನದ ಮೇಲೆ ನೆನಪಾಯಿತಂತೆ. ನಾನು ಹಿಟ್ಟು ನಾದುತ್ತ ಕೇಳುತ್ತಿದ್ದೆ. ನನಗೆ ಆಗಲೇ ತಿಳಿಯಬೇಕಿತ್ತು. ದಾರದ ಮಾತು ದಿನಾ ಕಿವಿಗೆ ಬೀಳುತ್ತಿತ್ತು, ಕಂದು ಪಟ್ಟೆ ದಿನಾ ಕಣ್ಣಿಗೆ ಬೀಳುತ್ತಿತ್ತು, ಎರಡೂ ಒಂದಕ್ಕೊಂದು ಸೇರಲೇ ಇಲ್ಲ. ಇತಿಹಾಸ ಇರುವುದು ಬೇರೆಯವರ ಮನೆಯಲ್ಲಿ ಎಂದು ತಿಳಿದಿದ್ದೆ. ನಮ್ಮ ಮನೆಯಲ್ಲಿ ಇರುವುದು ಕೊಳೆ.

ಒಂದು ದಿನ ನಾನು ರೇಷನ್ ಅಂಗಡಿಗೆ ಹೋಗಿ ಬಂದಾಗ ಅಜ್ಜಿ ಮೊಮ್ಮಗಳು ಕಿಟಕಿಯ ಕೆಳಗೆ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದರು. ಸುಧಾಳ ವಹಿ ತೊಡೆಯ ಮೇಲಿತ್ತು. ನನ್ನನ್ನು ನೋಡಿ ಮುಚ್ಚಿದಳು. ಅವಳ ಕಣ್ಣು ಕೆಂಪಾಗಿತ್ತು. ಏನು ಎಂದು ಕೇಳಿದರೆ, ಏನಿಲ್ಲ, ಆಮೇಲೆ ಹೇಳುತ್ತೇನೆ ಎಂದಳು. ಅತ್ತೆ ಸೊಪ್ಪಿನಿಂದ ತಲೆ ಎತ್ತಲಿಲ್ಲ.

ಅದಾದ ವಾರವೇ ದೌಂಡದಿಂದ ಅತ್ತೆಯ ತಂಗಿಗೆ ಕಣ್ಣಿನ ಆಪರೇಷನ್ ಎಂದು ಸುದ್ದಿ ಬಂತು. ಆಕೆಯ ಗಂಡ ರೈಲ್ವೆಯಲ್ಲಿದ್ದು ನಿವೃತ್ತರಾದವರು. ಅತ್ತೆ ಮಂಗಳವಾರ ಗಾಡಿ ಹತ್ತಿದರು, ಶನಿವಾರ ಬೆಳಿಗ್ಗೆ ತಿರುಗಿ ಬರುತ್ತೇನೆ, ಅದು ತಪ್ಪುವುದಿಲ್ಲ ಎಂದು ಎರಡು ಸಲ ಹೇಳಿದರು. ಗುರುವಾರ ಸುಧಾ ಶಾಲೆಯಿಂದ ಬಂದವಳೇ ಚಪ್ಪಲಿ ಬಿಚ್ಚುತ್ತ ಅಂದಳು.

"ಅವ್ವಾ, ಶನಿವಾರ ಶಾಳಿ ಬಿಟ್ಟಮ್ಯಾಲೆ ನಮ್ಮ ಬಾಯಾರು ಬರ್ತಾರ. ನಮ್ಮ ಗುಂಪಿನ ಹುಡುಗ್ರೂ ಬರ್ತಾರ. ನಮ್ಮ ಮನಿ ನೋಡ್ಲಿಕ್ಕೆ."

ನಮ್ಮ ಮನೆಯಲ್ಲಿ ನೋಡಲು ಏನಿದೆ ಎಂದು ಕೇಳಿದೆ. ಬಂದಾಗ ಗೊತ್ತಾಗುತ್ತದೆ ಎಂದು ನಕ್ಕು ಓಡಿದಳು. ಆ ಗುಟ್ಟನ್ನು ಇಟ್ಟುಕೊಳ್ಳಲು ಅಜ್ಜಿ ಹೇಳಿದ್ದರು ಎಂದು ನನಗೆ ತಿಳಿದದ್ದು ಆಮೇಲೆ. ಆ ಕೋಣೆಯಲ್ಲೇ ಮಲಗುವ ನಾನು ಹೆದರಿಯೇನು ಎಂದು, ಬಾಯಿ ಬಂದಾಗ ಎಲ್ಲರ ಮುಂದೆ ತಾವೇ ಹೇಳುವುದಾಗಿ ಅಂದಿದ್ದರಂತೆ.

ನಮ್ಮ ಹಳ್ಳಿಯಲ್ಲಿ ಮಾಸ್ತರರು ಮನೆಗೆ ಬರುತ್ತಾರೆಂದರೆ ಹಬ್ಬಕ್ಕಿಂತ ಹೆಚ್ಚು. ಅಂಗಳ ಸಾರಿಸಿ, ರಂಗೋಲಿ ಹಾಕಿ, ಹೊಸ ಚಾಪೆ ಹಾಸಿ, ಕರುವಿನ ಮೈ ಕೂಡ ತೊಳೆಯುತ್ತಿದ್ದೆವು. ನಮ್ಮಲ್ಲಿ ಕೊಡಲು ಬೇರೇನೂ ಇರುತ್ತಿರಲಿಲ್ಲ, ಚೊಕ್ಕತನ ಒಂದೇ. ಸುಮತಿ ಬಾಯಿಯನ್ನು ಎಲ್ಲಿ ಕೂರಿಸಲಿ ಎಂದು ಕೋಣೆಗಳನ್ನು ನೋಡಿದೆ. ಅವರು ಒಳಗೆ ಬಂದರೆ ಮೊದಲು ಕಾಣುವುದೇ ಆ ಗೋಡೆ. ನಾಚಿಕೆಯಿಂದ ನನ್ನ ಮೈ ಹಿಡಿಯಾಯಿತು. ಶುಕ್ರವಾರ ಸುಣ್ಣದ ಹರಳು ನೆನೆಹಾಕಿದೆ. ಶನಿವಾರ ಬೆಳಿಗ್ಗೆ ಸುಧಾ ಶಾಲೆಗೆ, ನಿಮ್ಮ ಅಜ್ಜ ಖಡಕಿಯ ತಮ್ಮ ಕಚೇರಿಗೆ ಹೋದ ಕೂಡಲೇ ಕೌದಿಗಳನ್ನು ಹೊರಕೋಣೆಗೆ ಹೊತ್ತು ಹಾಕಿ, ಟ್ರಂಕು ಎಳೆದೆ. ಅಷ್ಟು ವರ್ಷದಲ್ಲಿ ಆ ಗೋಡೆಯನ್ನು ಪೂರ್ತಿ ನೋಡಿದ್ದು ಆವತ್ತೇ. ಪಟ್ಟೆಯ ಕೆಳಗೆ ಒಣಗಿದ ಕೆಸರಿನ ತೆಳುವಾದ ಪದರು ನೆಲದವರೆಗೂ ಇತ್ತು. ಅದರೊಳಗೆ ಬಾಗಿಲಿನಿಂದ ಕಿಟಕಿಯವರೆಗೆ ಒಂದು ಸಣ್ಣ ಗೆರೆ, ಏರುತ್ತ ಇಳಿಯುತ್ತ ಹೋಗಿತ್ತು. ಯಾವುದೋ ಹುಳ ಹರಿದ ದಾರಿ ಎಂದುಕೊಂಡೆ. ಹುಳ ಎಂದು ತಿಳಿದದ್ದರಿಂದ ಅಲ್ಲಿ ಇನ್ನಷ್ಟು ಒತ್ತಿ ತಿಕ್ಕಿದೆ. ಸೋಡಾ ಬೆರೆಸಿದ ನೀರು, ತೆಂಗಿನ ನಾರು. ಕೆಸರು ನೀರಾಗಿ ಬಚ್ಚಲಿಗೆ ಹರಿಯಿತು. ಮೇಲೆ ಸುಣ್ಣಕ್ಕೆ ಚಿಟಿಕೆ ನೀಲಿ ಹಾಕಿ ಬಳಿದೆ. ಒಂದು ಕಲೆಯ ನೆರಳೂ ಉಳಿಯಲಿಲ್ಲ. ಕೋಣೆಯೊಳಗೆ ಬೆಳಕು ಬಂದ ಹಾಗಾಯಿತು. ನಾನು ದೂರ ನಿಂತು ನೋಡಿ, ಬಹಳ ವರ್ಷಗಳ ಮೇಲೆ, ನನ್ನ ಕೆಲಸಕ್ಕೆ ನಾನೇ ಸಂತೋಷಪಟ್ಟೆ. ಇದು ಬರೆಯಲು ಎಲ್ಲಕ್ಕಿಂತ ಕಷ್ಟದ ಮಾತು.

ಹತ್ತೂವರೆಗೆ ಅತ್ತೆ ಬಂದರು. ಕೈಯಲ್ಲಿ ಚೀಲ, ಚೀಲದಲ್ಲಿ ದೌಂಡದ ಕಬ್ಬಿನ ಎರಡು ತುಂಡು, ಸುಧಾಳಿಗೆಂದು. ಒಳಗೆ ಹೋದರು. ನಾನು ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದೆ. ಚೀಲ ಕೆಳಗಿಟ್ಟ ಸಪ್ಪಳ ಕೇಳಿಸಿತು. ತಿರುಗಿ ನೋಡಿದರೆ ಅವರು ಗೋಡೆಯ ಮುಂದೆ ನಿಂತಿದ್ದರು, ಬಲಗೈಯ ಅಂಗೈ ಗೋಡೆಯ ಮೇಲಿತ್ತು. ಸುಣ್ಣ ಇನ್ನೂ ಹಸಿ.

"ಯಾರು ಬಳದಾರ ಇದನ್ನ?"

"ನಾನ ರೀ ಅತ್ತಿ. ಸುಧಾನ ಬಾಯಾರು ಬರ್ತಾರಲ್ಲಾ, ಅದಕ್ಕ."

ಒಗ್ಗರಣೆ ಸೀದ ವಾಸನೆ ಬಂತು.

"ಭಾಳ ಚಂದ ಆಗ್ಯದ," ಎಂದರು.

ಹೋಗಿ ಹೊರಕೋಣೆಯ ಮಂಚದ ಮೇಲೆ ಕೂತರು. ಬೆಳ್ಳಗಾದ ಕೈಯನ್ನು ತೊಳೆಯಲಿಲ್ಲ, ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡರು, ಏನನ್ನೋ ಹಿಡಿದ ಹಾಗೆ. ಬೈದಿದ್ದರೆ ನಾನು ಅಳಬಹುದಿತ್ತು. ತಪ್ಪಾಗಿದೆ ಎಂದು ತಿಳಿಯಿತು, ಏನು ತಪ್ಪು ಎಂದು ತಿಳಿಯಲಿಲ್ಲ.

ಹನ್ನೊಂದು ದಾಟಿದ ಮೇಲೆ ಸುಮತಿ ಬಾಯಿ ಬಂದರು, ಹಿಂದೆ ಸುಧಾ ಸೇರಿ ಆರು ಮಕ್ಕಳು. ಒಬ್ಬಳ ಕೈಯಲ್ಲಿ ದಾರದ ಉಂಡೆ ಇತ್ತು. ಸುಧಾ ಎಲ್ಲರಿಗಿಂತ ಮೊದಲು ಒಳಗೆ ಓಡಿದಳು. ಓಡಿದವಳು ಹೊಸ್ತಿಲಲ್ಲೇ ನಿಂತಳು.

"ಅವ್ವಾ, ಏನು ಮಾಡಿದಿ ಇದು?"

ಬಾಯಿ ಅವಳ ಭುಜ ಹಿಡಿದರು. ಅವಳು ಅಳುತ್ತ ವಹಿ ತೆಗೆದು, ಅಜ್ಜಿ ಹೇಳಿ ಬರೆಸಿದ್ದನ್ನು ಅಲ್ಲೇ ಓದಿದಳು. ತನ್ನ ಕೋಪಕ್ಕೆ ಓದಿದಳೋ ನನಗೆ ಕೇಳಿಸಲೆಂದು ಓದಿದಳೋ ಗೊತ್ತಿಲ್ಲ. ಹೀಗೆ ನನ್ನ ಮನೆಯ ಸಂಗತಿಯನ್ನು ನಾನು ಪರರ ಮಕ್ಕಳ ಜೊತೆ ನಿಂತು ಕೇಳಿದೆ. ಪೂರದ ದಿನ ಅತ್ತೆಗೆ ಇಬ್ಬರು ಮಕ್ಕಳು. ಆರು ವರ್ಷದ ನಿಮ್ಮ ಅಜ್ಜ, ಎರಡೂವರೆ ವರ್ಷದ ಶಕ್ಕು. ನೀರು ಬಂದಾಗ ಮಾಲಕರ ಮನೆಯವರು ಎಲ್ಲರನ್ನೂ ಮಾಳಿಗೆಗೆ ಎಳೆದುಕೊಂಡರು, ವಾಡೆಯಲ್ಲಿ ಯಾರ ಜೀವಕ್ಕೂ ಏನೂ ಆಗಲಿಲ್ಲ. ನೀರು ಇಳಿದ ಮೇಲೆ ಅತ್ತೆ ಶಕ್ಕುವನ್ನು ಸೊಂಟದ ಮೇಲಿಟ್ಟುಕೊಂಡು ಏನು ಉಳಿದಿದೆ ಎಂದು ನೋಡಲು ಕೆಳಗೆ ಬಂದರು. ಗೋಡೆಯ ತುಂಬ ಹಸಿ ಕೆಸರು. ಮಗು ಬಾಗಿಲ ಹತ್ತಿರ ಅದರೊಳಗೆ ಬೆರಳಿಟ್ಟಿತು. ಅತ್ತೆ ನಡೆದ ಹಾಗೆ ಬೆರಳೂ ನಡೆಯಿತು, ಕಿಟಕಿಯವರೆಗೆ. ರೈಲು ಎಂದು ಕೂಗುತ್ತ ನಗುತ್ತಿತ್ತಂತೆ. ಬೈದು ಕೈ ಒರೆಸಿದೆ ಎಂದು ಅತ್ತೆ ಹೇಳಿದ್ದರು, ಸುಧಾ ಅದನ್ನೂ ಬರೆದುಕೊಂಡಿದ್ದಳು. ಆಮೇಲಿನ ದಿನಗಳಲ್ಲಿ ಎಲ್ಲಿಯೂ ಚೊಕ್ಕ ನೀರು ಸಿಗಲಿಲ್ಲ. ಮಗುವಿಗೆ ಜ್ವರ ಹಿಡಿಯಿತು, ವಾಂತಿ ನಿಲ್ಲಲಿಲ್ಲ. ಹನ್ನೆರಡನೆಯ ದಿನ ಹೋಯಿತು. ನೀರಿನಲ್ಲಿ ಸತ್ತವರ ಲೆಕ್ಕದಲ್ಲಿ ಅವಳಿಲ್ಲ, ಯಾಕೆಂದರೆ ಅವಳು ನೀರಿನಲ್ಲಿ ಸಾಯಲಿಲ್ಲ. ಫೋಟೋ ತೆಗೆಸಿರಲಿಲ್ಲ. ಬಟ್ಟೆಗಳೆಲ್ಲ ಪೂರದಲ್ಲಿ ಹೋಗಿದ್ದವು. ಅವಳು ಬಿಟ್ಟದ್ದು ಆ ಗೆರೆಯೊಂದೇ.

ಕುದಿಸಿದ ನೀರಿನ ಪಾತೇಲಿ ಒಲೆಯ ಪಕ್ಕದಲ್ಲಿತ್ತು. ನಾನು ಅದನ್ನೇ ನೋಡುತ್ತ ನಿಂತೆ.

ಸುಮತಿ ಬಾಯಿ ಹೊರಕೋಣೆಗೆ ಹೋಗಿ ಅತ್ತೆಯ ಪಕ್ಕದಲ್ಲಿ ನೆಲದ ಮೇಲೆ ಕೂತರು. ನೀರಿನ ಗುರುತು ಎಷ್ಟು ಎತ್ತರಕ್ಕಿತ್ತು, ಮಗುವಿನ ಗೆರೆ ಎಷ್ಟು ಎತ್ತರಕ್ಕಿತ್ತು ಎಂದು ನೀವು ತೋರಿಸಿದರೆ ಮಕ್ಕಳು ದಾರ ಹಿಡಿಯುತ್ತಾರೆ ಎಂದು ಮೆಲ್ಲಗೆ ಕೇಳಿದರು. ಅತ್ತೆ ಎದ್ದು ಬಂದರು. ಗೋಡೆಯ ಪಕ್ಕದಲ್ಲಿ ನಿಂತು, ಕೂಸನ್ನು ಎತ್ತಿಕೊಂಡ ಹಾಗೆ ಸೊಂಟದ ಮೇಲೆ ಕೈ ಇಟ್ಟರು. ಆದರೆ ಅವರ ಬೆನ್ನು ಬಾಗಿತ್ತು, ಮೊಣಕಾಲು ನೆಟ್ಟಗಾಗುತ್ತಿರಲಿಲ್ಲ. ಕೈ ಸ್ವಲ್ಪ ಮೇಲೆ ಹೋಯಿತು, ಸ್ವಲ್ಪ ಕೆಳಗೆ ಬಂತು. ದಾರ ಹಿಡಿದ ಹುಡುಗಿ ಕಾಯುತ್ತಿದ್ದಳು. ಕೊನೆಗೆ ಅತ್ತೆ ಕೈ ಇಳಿಸಿದರು.

"ಅಂದಾಜಿನ ಮ್ಯಾಲೆ ಬ್ಯಾಡ್ರಿ ಬಾಯಿ. ಹುಡುಗ್ರು ಅದನ್ನ ಖರೇ ಅಂತ ಬರಕೋತಾರ. ಕಣ್ಣಮುಂದ ಇತ್ತು, ಇದ್ದಾಗ ಅಳತಿ ಮಾಡ್ಲಿಲ್ಲ."

ದಾರ ಕತ್ತರಿಸಲಿಲ್ಲ. ಎರಡು ಜಡೆಯ ಹುಡುಗಿಯೊಬ್ಬಳು, ಅಂಬುಜಾ ಅಂತ ಹೆಸರು, ಚೀಟಿಗಳನ್ನು ಬರೆಯುವ ಕೆಲಸ ಅವಳದು, ಏನು ಬರೆಯಲಿ ಎಂದು ಬಾಯಿಯ ಮುಖ ನೋಡಿದಳು. ಬಾಯಿ ಅವಳಿಗೆ, ಇದ್ದದ್ದನ್ನೂ ಬರಿ, ಹೋದದ್ದನ್ನೂ ಬರಿ, ಹೇಗೆ ಹೋಯಿತು ಎಂದು ಕೇಳಿ ಬರಿ ಎಂದರು. ಹುಡುಗಿ ನನ್ನ ಕಡೆ ತಿರುಗಿ, ಚಿಕ್ಕಮ್ಮ ಎನ್ನುವ ಮರಾಠಿ ಮಾತಿನಿಂದ ಕರೆದಳು.

"ಕಾಕು, ನಿಮ್ಮ ಹೆಸರೇನ್ರಿ?"

ಆ ವಾಡೆಯಲ್ಲಿ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಅಡಿಗೆಯ ಕಟ್ಟೆ ಹಿಡಿದು ನಿಂತೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹಳ್ಳಿಯ ಶಾಲೆಯಲ್ಲಿ ಮಾಸ್ತರರು ಪ್ರಶ್ನೆ ಕೇಳುತ್ತಿದ್ದ ಹಾಗೇ ಇತ್ತು. ಆದರೆ ಈ ಸಲ ಒರೆಸಲು ಹಲಗೆ ಉಳಿದಿರಲಿಲ್ಲ.

"ನೀಲವ್ವ," ಎಂದೆ.

"ಯಾಕ ಬಳದ್ರಿ?"

"ಕೊಳಿ ಅಂತ ತಿಳದೆ."

ಅವಳು ಎರಡನ್ನೂ ಬರೆದುಕೊಂಡಳು. ಮಕ್ಕಳು ಸೀದ ಒಗ್ಗರಣೆಯ ಅವಲಕ್ಕಿಯನ್ನು ಒಂದು ಕಾಳೂ ಬಿಡದೆ ತಿಂದರು. ಹೊರಡುವಾಗ ಸುಮತಿ ಬಾಯಿ ನನ್ನ ಬಳಿ ಬಂದು, ನಾನು ಮೊದಲೇ ಬಂದು ನಿಮ್ಮನ್ನು ಕಾಣಬೇಕಾಗಿತ್ತು, ತಪ್ಪು ನನ್ನದೂ ಇದೆ ಎಂದರು. ನಾನು ತಲೆ ಅಲ್ಲಾಡಿಸಿದೆ. ಆ ತಪ್ಪನ್ನು ಯಾರ ಜೊತೆಗೂ ಹಂಚಿಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಸಂಜೆ ನಿಮ್ಮ ಅಜ್ಜ ಬಂದು ಸುಧಾಳ ವಹಿ ಓದಿದರು. ತಂಗಿಯೊಬ್ಬಳು ಇದ್ದಳೆಂದು ಅವರಿಗೆ ಗೊತ್ತಿತ್ತು, ಗೆರೆಯ ಸಂಗತಿ ಗೊತ್ತಿರಲಿಲ್ಲ. ಪೂರದ ದಿನ ಮಾಲಕರ ಮನೆಯಲ್ಲಿ ತಿಂದ ಕಡಲೆಹಿಟ್ಟಿನ ಝುಣಕದ ರುಚಿ ಇನ್ನೂ ನಾಲಿಗೆಯಲ್ಲಿದೆ, ಶಕ್ಕುವಿನ ಮುಖ ಮಾತ್ರ ನೆನಪಿಗೆ ಬರುವುದಿಲ್ಲ ಎಂದರು. ಊಟಕ್ಕೆ ಕೂತವರು ಅರ್ಧಕ್ಕೇ ಎದ್ದರು. ಮರುದಿನ ಅತ್ತೆ ಗುಡಿಗೆ ಹೋದಾಗ ನಾನು ಸುಣ್ಣವನ್ನು ಉಗುರಿನಿಂದ ಕೆರೆದೆ, ಆಮೇಲೆ ಚಮಚದಿಂದ ಕೆರೆದೆ. ಅಡಿಯಲ್ಲಿ ಗಾರೆ ಸಿಕ್ಕಿತು. ತಿಕ್ಕಿ ತೊಳೆದು ಬಳಿದವಳು ನಾನೇ, ಅಡಿಯಲ್ಲಿ ಏನಿದ್ದೀತು. ಆದರೂ ಕೆರೆಯುತ್ತಲೇ ಇದ್ದೆ. ಅತ್ತೆ ಯಾವಾಗ ಬಂದರೋ, ಹಿಂದೆ ನಿಂತಿದ್ದರು.

"ಬಿಡು ನೀಲಾ. ಉಗರು ಹೋಗ್ತಾವ."

ಅಷ್ಟೇ. ಅವರು ನನ್ನನ್ನು ಕ್ಷಮಿಸಿದರೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ಆ ದಿನದಿಂದ ಸಂಜೆ ದೀಪ ಹಚ್ಚಿದ ಮೇಲೆ ಅವರು ಗೋಡೆಯ ಹತ್ತಿರ ಹೋಗಲಿಲ್ಲ. ದೇವರ ಮುಂದೆ ನಿಂತು, ಮುಂದೆ ಎಲ್ಲಿಗೆ ಹೋಗಬೇಕೆಂದು ಮರೆತವರ ಹಾಗೆ ಸ್ವಲ್ಪ ಹೊತ್ತು ನಿಂತು, ಕೂತುಬಿಡುತ್ತಿದ್ದರು. ನಾನು ನೀರು ಕುದಿಸಿದೆ. ಯಾರೂ ಹೇಳದೆ, ಎರಡು ಪಾತೇಲಿ.

ತಿಂಗಳೊಪ್ಪತ್ತಿನ ಮೇಲೆ ಶಾಲೆಯಲ್ಲಿ ಆ ದಾರಗಳನ್ನು ತೋರಿಸಲು ಇಟ್ಟರು. ತಾಯಂದಿರನ್ನು, ಅಜ್ಜಿಯರನ್ನು ಕರೆದಿದ್ದರು. ಒಂದು ಉದ್ದ ಗೋಡೆಯ ಮೇಲೆ ಓಣಿಯ ಮನೆಗಳು ಸಾಲಾಗಿ ಹೇಗಿವೆಯೋ ಹಾಗೇ ದಾರಗಳನ್ನು ನೆಲದಿಂದ ಮೇಲಕ್ಕೆ ಹಚ್ಚಿದ್ದರು. ನದಿಯ ಹತ್ತಿರದವು ತಲೆಗಿಂತ ಎತ್ತರ, ದೂರದವು ಸೊಂಟದ ಮಟ್ಟಕ್ಕೆ. ದಾರಗಳ ತುದಿಗಳನ್ನೇ ನೋಡುತ್ತ ನಡೆದರೆ ನೀರಿನ ಮೈ ಕಾಣುತ್ತಿತ್ತು. ನಮ್ಮ ಮನೆಯ ಜಾಗದಲ್ಲಿ ಚೀಟಿ ಮಾತ್ರ ಇತ್ತು. ಅತ್ತೆಗೆ ಓದಲು ಬರುತ್ತಿರಲಿಲ್ಲ. ಸುಧಾ ಓದಿ ಹೇಳಿದಳು. ಶಕುಂತಲಾ, ಎರಡೂವರೆ ವರ್ಷ. ಪೂರದ ಹನ್ನೆರಡನೆಯ ದಿನ ಜ್ವರದಿಂದ. ಗೋಡೆಯ ಮೇಲೆ ಅವಳ ಬೆರಳಿನ ಗೆರೆ ಇತ್ತು. ಸುಣ್ಣ ಬಳಿದವರು ನೀಲವ್ವ, ಕೊಳೆ ಎಂದು ತಿಳಿದು. ಅತ್ತೆ ತಲೆ ಆಡಿಸಿದರು. ಆಮೇಲೆ ಎಡಗಡೆಯ ಮನೆಯ ದಾರದ ತುದಿಯ ಕೆಳಗೆ ಬೆರಳಿಟ್ಟು, ನಮ್ಮ ಖಾಲಿ ಜಾಗದ ಮೇಲೆ ಹಾಯಿಸುತ್ತ, ಬಲಗಡೆಯ ಮನೆಯ ದಾರದವರೆಗೆ ನಡೆದರು. ಬೆರಳು ಏರುತ್ತ ಇಳಿಯುತ್ತ ಹೋಯಿತು. ನಾನು ಹಿಂದೆಯೇ ಇದ್ದೆ, ಬಗ್ಗಿ ನೋಡಿದೆ. ಒಣ ಗೋಡೆ. ಏನೂ ಮೂಡಿರಲಿಲ್ಲ.

ಆ ವರ್ಷದ ದಸರೆಗೆ ನಾನು ಸುಣ್ಣ ಕಲಸಿ ಒಳಕೋಣೆಗೆ ಬಂದಾಗ ಅತ್ತೆ ಹೇಳಿದರು.

"ಈ ಸಲ ಆ ಗ್ವಾಡಿಗೂ ಬಳಿ. ಇನ್ನ ಬಿಡೂದು ಯಾಕ?"

ನಾನು ಬಳಿಯಲಿಲ್ಲ. ಕುಂಚದಲ್ಲಿ ಸುಣ್ಣ ಒಣಗುವ ತನಕ ಕೂತಿದ್ದೆ, ಅವರೂ ಕೂತಿದ್ದರು. ಅವರು ತೀರಿಕೊಂಡ ಮೇಲೂ ಬಳಿಯಲಿಲ್ಲ. ವಾಡೆಯನ್ನು ಕೆಡವಲು ಕೊಟ್ಟು ನಾವು ಈ ಕೋಥರೂಡದ ಫ್ಲ್ಯಾಟುಗಳ ಸೊಸೈಟಿಗೆ ಬರುವ ತನಕ ಆ ಗೋಡೆಯ ಮೇಲೆ ನನ್ನ ಒಂದೇ ಕೈಯ ಸುಣ್ಣ ಹಳದಿಯಾಗುತ್ತ, ಉದುರುತ್ತ ಇತ್ತು. ಇಲ್ಲಿಗೆ ಬಂದ ಎರಡನೆಯ ವರ್ಷ ನಿಮ್ಮ ಅಜ್ಜ ತೀರಿಕೊಂಡರು. ಸುಧಾಳ ಆ ವಹಿ ನನ್ನ ಸೀರೆಗಳ ನಡುವೆ ಇದೆ.

ಹೋದ ತಿಂಗಳು ಬಣ್ಣದವನು ಬಂದು ಹೋದ ಮೇಲೆ ನೀವಿಬ್ಬರೂ ಕೇಳಿದಿರಿ, ಮನೆಯೆಲ್ಲ ಹೊಸ ಬಣ್ಣ ಆದರೂ ಊಟದ ಕೋಣೆಯಿಂದ ಬಾಲ್ಕನಿಗೆ ಹೋಗುವ ಗೋಡೆಯ ಮೇಲಿನ ಎಣ್ಣೆಯ ಗೆರೆ ಯಾಕೆ ಹಾಗೇ ಇದೆ ಎಂದು. ಈಶಾ, ಅದು ನಿನ್ನದು. ಮೂರು ವರ್ಷದವಳಿದ್ದಾಗ ಚಟ್ನಿಯ ಕೈಯಲ್ಲಿ ಗೋಡೆಗುಂಟ ನಡೆದು ಮಾಡಿದ್ದು. ಬಣ್ಣದವನು ಅಲ್ಲಿಗೆ ಬಂದು ಮೊದಲು ತಿಕ್ಕಬೇಕು ಎಂದು ಮರಳು ಕಾಗದ ತೆಗೆದಾಗ ನಾನು ಎದ್ದು ಗೋಡೆಗೆ ಅಡ್ಡ ನಿಂತೆ. ನಿಮ್ಮ ಅವ್ವ ನನ್ನ ಮುಖ ನೋಡಿದಳು. ಆಮೇಲೆ ಅವನಿಗೆ ಮರಾಠಿಯಲ್ಲಿ, ಅಷ್ಟು ಇದ್ದ ಹಾಗೆ ಇರಲಿ ಎಂದಳು. ಅವನು ಹೋದ ಮೇಲೆ ನಾನು ಹೊಲಿಗೆಯ ಡಬ್ಬಿಯಿಂದ ಬಿಳಿ ದಾರ ತೆಗೆದು, ನೆಲದಿಂದ ಆ ಗೆರೆಯವರೆಗೆ ಹಿಡಿದು ಕತ್ತರಿಸಿದೆ. ಬಾಗಿಲ ಹತ್ತಿರ ಒಂದು ಅಳತೆ, ನಡುವೆ ಒಂದು, ಬಾಲ್ಕನಿಯ ಹತ್ತಿರ ಒಂದು. ಮೂರನ್ನೂ ಈ ಹಾಳೆಯ ಹಿಂದೆ ಸೂಜಿಯಿಂದ ಚುಚ್ಚಿ ಇಟ್ಟಿದ್ದೇನೆ.